ಸಾಕ್ಷಿ ತೊಟ್ಟಿಯಲ್ಲಿ ಇಳಿದ ಬೆರಳುಗಳು

"ಸಾಕ್ಷಿಗೆ ಗ್ಯಾಸ್ ಕೊಟ್ಟೋರು ಯಾರು?"

ಬಂಧನವಾದಂದಿನಿಂದ ಆ ತರುಣ ಸಂಶೋಧಕ ತಾನಾಗಿ ಆಡಿದ ಮೊದಲ ಮಾತು ಅದು. ಯಾವಾಗಲೂ ಒಂಟಿ ಎಂದು ಕಾಲೇಜಿನಲ್ಲಿ ಅವನಿಗೆ ಸನ್ಯಾಸಿ ಎಂದೇ ಅಡ್ಡಹೆಸರು. ಕೈಗೆ ಬೇಡಿ ಹಾಕಿತ್ತು. ಪ್ರಯೋಗಾಲಯದ ಒಳಕೋಣೆಗೆ ಎರಡು ಮೆಟ್ಟಿಲು ಇಳಿದವನು ತನ್ನ ಮೇಷ್ಟ್ರು ಸತ್ತು ಬಿದ್ದಿದ್ದ ಜಾಗದ ಕಡೆ ಕಣ್ಣೆತ್ತಲಿಲ್ಲ. ಸೀಮೆಸುಣ್ಣದ ಗೆರೆಯನ್ನು ಸುತ್ತಿಕೊಂಡು ಹೋಗಿ ಗೋಡೆ ಪಕ್ಕದ ಗಾಜಿನ ತೊಟ್ಟಿಯ ಮುಂದೆ ನಿಂತುಬಿಟ್ಟ.

"ಯಾವ ಸಾಕ್ಷಿಗೆ?" ಅಂದ ಹಳೆಯ ಪೇದೆ. ಠಾಣೆಯಲ್ಲಿ ಎಲ್ಲರೂ ಅವನನ್ನು ಗೊಣಗಣ್ಣ ಎಂದೇ ಕರೆಯುತ್ತಿದ್ದರು. "ಸಾಕ್ಷಿಗಳನ್ನೆಲ್ಲ ವಿಚಾರಿಸಿದ್ದು ನಾನು. ಯಾರಿಗೂ ಗ್ಯಾಸ್ ಕೊಟ್ಟಿಲ್ಲ. ಒಬ್ಬರಿಗೆ ಟೀ ಕೊಟ್ಟಿದ್ದೆ, ಅದೂ ನನ್ನ ದುಡ್ಡಲ್ಲಿ."

"ಈ ತೊಟ್ಟಿ. ಇದನ್ನ ನಾವು ಸಾಕ್ಷಿ ಅಂತೀವಿ."

ಇನ್‌ಸ್ಪೆಕ್ಟರ್ ಹತ್ತಿರ ಬಂದಳು. ಸಂಜೆಯೊಳಗೆ ಇವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಅಲ್ಲಿಂದ ಅವನು ಜೈಲಿಗೆ ಹೋಗುತ್ತಾನೆ. ಅವನ ಪರವಾಗಿ ನ್ಯಾಯಾಲಯದ ಬೆಂಚಿನ ಮೇಲೆ ಬಂದು ಕೂರಲು ಅಪ್ಪ ಇಲ್ಲ, ಅಮ್ಮ ಇಲ್ಲ, ಕೇಳಿದರೆ ಹೆಸರು ಹೇಳಲು ಒಬ್ಬ ಗೆಳೆಯನೂ ಇಲ್ಲ. ಇದ್ದವರು ಮೇಷ್ಟ್ರೊಬ್ಬರೇ. ಅವರನ್ನು ಕೊಂದನೆಂದೇ ಅವನನ್ನು ಹಿಡಿದಿದ್ದರು.

ಕೊಂದ ರೀತಿಯಲ್ಲಿ ಅನುಮಾನವಿರಲಿಲ್ಲ. ಹೊರಕೋಣೆಯಲ್ಲಿ ಸಿಲಿಂಡರುಗಳಿವೆ, ಸೋಡಾ ನೀರಿಗೆ ತುಂಬುತ್ತಾರಲ್ಲ ಆ ಗ್ಯಾಸಿನವು. ಯಾರೋ ಕೊಳವೆಯನ್ನು ಕಳಚಿ ಒಳಬಾಗಿಲಿನ ಕೆಳಗಿನ ಸಂದಿಯಿಂದ ತೂರಿಸಿ, ಚಿಲಕ ಹಾಕಿ, ವಾಲ್ವ್ ತಿರುಗಿಸಿದ್ದರು. ಗಾಳಿಗಿಂತ ಭಾರವಾದ ಗ್ಯಾಸು ತಗ್ಗಿನ ಕೋಣೆಯಲ್ಲಿ ನೀರಿನಂತೆ ನಿಂತಿತು. ಬಾಗಿಲಿನ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು.

"ಇದರಲ್ಲಿ ಏನು ವಿಶೇಷ?" ಎಂದಳು.

"ಏನೂ ಇರಬಾರದು. ಅದೇ ವಿಶೇಷ."

ಪುಸ್ತಕದಷ್ಟು ತೆಳುವಾದ, ಕಿಟಕಿಯಷ್ಟು ಅಗಲದ ತೊಟ್ಟಿಗಳು ಅಲ್ಲಿ ಎರಡಿದ್ದವು. ಎರಡರಲ್ಲೂ ಸಾಸಿವೆ ಗಾತ್ರದ ಗಾಜಿನ ಮಣಿಗಳನ್ನು ಒತ್ತೊತ್ತಾಗಿ ತುಂಬಿತ್ತು, ಮಣಿಗಳ ಸಂದಿಯಲ್ಲೆಲ್ಲ ಬಣ್ಣದ ನೀರು. ಮುಚ್ಚಳವಿದ್ದ ತೊಟ್ಟಿಗೆ ಮೇಲಿನಿಂದ ಗ್ಯಾಸ್ ಕೊಡುತ್ತಾರೆ. ನೀಲಿ ನೀರು ಗ್ಯಾಸ್ ಕುಡಿದ ಕಡೆಯೆಲ್ಲ ಹಳದಿಯಾಗುತ್ತದೆ. ಇನ್ನೊಂದು ಮೇಲೆ ತೆರೆದದ್ದು, ಅದಕ್ಕೆ ಗ್ಯಾಸಿಲ್ಲ. ಹೋಲಿಸಿ ನೋಡಲಿಕ್ಕೆಂದು ಅದು ನೀಲಿಯಾಗಿಯೇ ಉಳಿಯಬೇಕು.

ಈಗ ಅದು ಕೆಸರು ಹಳದಿಯಾಗಿತ್ತು.

ಇನ್‌ಸ್ಪೆಕ್ಟರ್ ಅದನ್ನು ಅವತ್ತೇ ನೋಡಿದ್ದಳು. ಕೊಳಕು ನೀರು ಅಂದುಕೊಂಡಿದ್ದಳು.

"ಇದನ್ನ ಆಮೇಲೆ ನೋಡೋಣ. ಮೊದಲು ಇದಕ್ಕೆ ಉತ್ತರ ಹೇಳು. ಅವತ್ತು ಬೆಳಿಗ್ಗೆ ನೀನು ಇಲ್ಲಿಂದ ಹೊರಡುವಾಗ ಇಬ್ಬರೂ ಮೌನವಾಗಿದ್ರಿ. ನೀನೇ ಹೇಳಿದ್ದು. ಜಗಳ ಯಾತಕ್ಕೆ?"

"ಯಾವ ಜಗಳ?"

"ಮೇಷ್ಟ್ರು, ನೀನು. ಇಬ್ಬರೂ ಮಾತು ಬಿಟ್ಟು ಕೂತಿದ್ರಿ."

ಸನ್ಯಾಸಿ ಅವಳನ್ನೇ ನೋಡಿದ. ತನ್ನದೇ ಮಾತು ಬೇರೆಯವರ ಅಂಗಿ ತೊಟ್ಟು ಬಂದು ಎದುರಿಗೆ ನಿಂತ ಹಾಗೆ.

"ಇಬ್ಬರೂ ಅಂದಿಲ್ಲ ಮೇಡಂ. ಎರಡೂ ಅಂದೆ. ಎರಡೂ ಮೌನದಲ್ಲಿದ್ದವು ಅಂತ."

ಅವಳು ಗೊಣಗಣ್ಣನ ಕಡೆ ತಿರುಗಿದಳು. ಗೊಣಗಣ್ಣ ಸೂರಿನ ಕಡೆ ತಿರುಗಿದ.

"ಅಣ್ಣ, ಏನಂದ ಇವನು?"

"ಎರಡೂ ಅಂತಲೇ ಅಂದ. ಮನುಷ್ಯರಿಗೆ ಯಾರಾದ್ರೂ ಎರಡು ಅಂತಾರಾ ಮೇಡಂ? ಇಷ್ಟು ಓದಿದವನು, ಭಾಷೆ ನೆಟ್ಟಗಿಲ್ಲ, ನಾಳೆ ಜಡ್ಜು ನೋಡಿ ನಗಬಾರದು ಅಂತ ತಿದ್ದಿ ಬರೆದೆ."

"ತಿದ್ದಿದ್ದು?"

"ವ್ಯಾಕರಣಕ್ಕೆ."

ವ್ಯಾಕರಣ ಶುದ್ಧವಾಗಿತ್ತು. ಮನುಷ್ಯ ಲಾಕಪ್ಪಿನಲ್ಲಿದ್ದ.

"ಮೌನದಲ್ಲಿದ್ದವು ಅಂದ್ರೆ ಏನು?" ಎಂದಳು ಅವಳು, ಬೇಡಿಯ ಸರಪಳಿಯನ್ನು ಸಡಿಲಿಸುತ್ತ.

ಅವನು ಬೆರಳಿನಿಂದ ಗಾಜಿನ ಮೇಲಂಚನ್ನು ಮುಟ್ಟಿದ.

"ಗ್ಯಾಸ್ ಕುಡಿದ ನೀರು ಒಂದು ಚೂರು ಭಾರ ಆಗುತ್ತೆ. ಮೇಲೆ ಭಾರದ ನೀರು, ಕೆಳಗೆ ಹಗುರದ್ದು. ಬರೀ ಬಾಟಲಿ ಆಗಿದ್ರೆ ಆ ಕ್ಷಣವೇ ತಲೆಕೆಳಗಾಗ್ತಿತ್ತು. ಮಣಿಗಳ ಮಧ್ಯೆ ದಾರಿ ತೀರ ಇಕ್ಕಟ್ಟು, ಹೋಗೋಕೆ ಬಿಡಲ್ಲ. ಆ ಭಾರದ ಪದರ ತೆಳುವಾಗಿರೋವರೆಗೆ ಎಲ್ಲಾದ್ರೂ ಒಂದು ಚೂರು ಜಗ್ಗಿದ್ರೂ ಅಕ್ಕಪಕ್ಕಕ್ಕೆ ಹರಡಿ ಮಟ್ಟ ಆಗಿಬಿಡುತ್ತೆ. ನೋಡೋರಿಗೆ ಏನೂ ನಡೀತಿಲ್ಲ ಅನ್ಸುತ್ತೆ. ಒಳಗೆ ಪದರ ದಪ್ಪ ಆಗ್ತಾನೇ ಇರುತ್ತೆ. ಆ ಹೊತ್ತನ್ನ ಮೇಷ್ಟ್ರು ಮೌನ ಅಂತ ಕರೀತಿದ್ರು."

"ಆಮೇಲೆ?"

"ಒಂದು ಮಟ್ಟ ದಾಟಿದ ಮೇಲೆ ತಡೆಯೋಕಾಗಲ್ಲ. ಜಗ್ಗಿದ್ದು ಜಗ್ಗುತ್ತಾನೇ ಹೋಗುತ್ತೆ. ಹಳದಿ ಬೆರಳುಗಳು ಇಳಿಯೋಕೆ ಶುರುವಾಗ್ತವೆ. ನಾನು ಹೊರಟಾಗ ಮುಚ್ಚಿದ ತೊಟ್ಟಿಗೆ ಆಗಷ್ಟೇ ಗ್ಯಾಸ್ ಕೊಟ್ಟಿದ್ವಿ, ಅದು ಮೌನದಲ್ಲಿತ್ತು. ಸಾಕ್ಷಿ ಹೇಗೂ ಯಾವಾಗಲೂ ಮೌನದಲ್ಲೇ ಇರುತ್ತೆ. ಎರಡೂ."

ಅವಳು ಚೀಲದಿಂದ ಒಂದು ಫೋಟೋ ತೆಗೆದಳು. ಹೆಣ ಸಿಕ್ಕ ಮಧ್ಯಾಹ್ನ ಠಾಣೆಯ ಛಾಯಾಗ್ರಾಹಕ ತೆಗೆದದ್ದು. ಮುಂದೆ ಮೇಷ್ಟ್ರು, ಕವುಚಿ ಬಿದ್ದಿದ್ದಾರೆ, ಒಂದು ಚಪ್ಪಲಿ ಕಾಲಿನಿಂದ ಕಳಚಿದೆ. ಅವಳು ಇದುವರೆಗೆ ನೋಡಿದ್ದು ಆ ಚಪ್ಪಲಿಯನ್ನೇ.

ಸನ್ಯಾಸಿ ಮೂಲೆ ತೋರಿಸಿದ. ಹೆಣದ ಹಿಂದೆ ಸಾಕ್ಷಿ ತೊಟ್ಟಿ. ನೀಲಿಯ ಒಳಗೆ ಹಳದಿ ಬೆರಳುಗಳು, ಒಂದು ಉದ್ದ, ಒಂದು ಗಿಡ್ಡ, ಉದ್ದದ್ದು ತೊಟ್ಟಿಯ ಅರ್ಧದವರೆಗೆ ಇಳಿದಿತ್ತು.

"ಕೋಣೆಯೆಲ್ಲ ಗ್ಯಾಸ್ ತುಂಬಿದಾಗ ಇದೂ ಕುಡಿದಿದೆ," ಎಂದ. "ಅವರ ಜೊತೆಗೇ."

ಅವಳು ಫೋಟೋವನ್ನು ಬೆಳಕಿಗೆ ಹಿಡಿದಳು.

"ಇದು ಅರ್ಧ ಇಳಿಯೋಕೆ ಎಷ್ಟು ಹೊತ್ತು ಬೇಕು?" ಎಂದಳು.

"ನಾನು ಹೇಳಿದ್ರೆ ನೀವು ಯಾಕೆ ನಂಬ್ತೀರಿ? ಕೂತು ನೋಡಿ."

ಹೊರಕೋಣೆಯ ಕಪಾಟಿನಲ್ಲಿ ಮುಚ್ಚಿಟ್ಟಿದ್ದ ಮೂರನೆಯ ತೊಟ್ಟಿಯೊಂದಿತ್ತು. ಅದೇ ಅಳತೆ, ಅದೇ ಮಣಿ, ನೀರು ಇನ್ನೂ ನೀಲಿ. ಕಿಟಕಿ ತೆರೆದು, ಫ್ಯಾನ್ ಹಾಕಿ, ಅದನ್ನು ಮೇಜಿನ ಮೇಲಿಟ್ಟರು. ಸನ್ಯಾಸಿಯ ಕೈ ಬೇಡಿಯಲ್ಲೇ ಇತ್ತು. ಅವನು ಬಾಯಲ್ಲಿ ಹೇಳಿದ, ವಾಲ್ವ್ ತಿರುಗಿಸಿದ್ದು ಗೊಣಗಣ್ಣ.

"ಪೊಲೀಸ್ ಕೆಲಸಕ್ಕೆ ಸೇರುವಾಗ ನೀರಿಗೆ ಸೋಡಾ ಹಾಕಿಸ್ತಾರೆ ಅಂತ ಯಾರೂ ಹೇಳಿರಲಿಲ್ಲ," ಎಂದ ಅವನು.

"ಶುದ್ಧ ಗ್ಯಾಸ್ ಕೊಡ್ತಾ ಇದ್ದೀವಿ," ಎಂದ ಸನ್ಯಾಸಿ. "ಅವತ್ತು ಕೋಣೇಲಿ ಗಾಳಿ ಬೆರೆತು ತೆಳುವಾಗಿತ್ತು. ಗ್ಯಾಸ್ ತೆಳುವಾದಷ್ಟೂ ಮೌನ ಉದ್ದ. ಹಾಗಾಗಿ ಇವತ್ತು ಎಷ್ಟು ಹೊತ್ತು ಹಿಡಿಯುತ್ತೋ, ಅವತ್ತು ಅದಕ್ಕಿಂತ ಜಾಸ್ತಿನೇ ಹಿಡಿದಿರಬೇಕು. ಕಡಿಮೆ ಸಾಧ್ಯ ಇಲ್ಲ."

ಕಾರಿಡಾರಿನಲ್ಲಿ ಟೀ ಹೆಂಗಸಿನ ತಳ್ಳುಗಾಡಿ ಸದ್ದು ಮಾಡಿಕೊಂಡು ಹೋಯಿತು. ಬೆಳಗಿನ ಬಿಡುವಿನ ಹೊತ್ತು. ಇನ್‌ಸ್ಪೆಕ್ಟರ್ ಅವಳನ್ನು ಕರೆದು ನಿಲ್ಲಿಸಿದಳು.

"ಅವತ್ತು ಮೇಷ್ಟ್ರಿಗೆ ಟೀ ಕೊಟ್ಟಿದ್ರಾ?"

"ಕೊಡದೆ ಇರ್ತೀನಾ? ಇದೇ ಹೊತ್ತಿಗೆ. ಸಕ್ಕರೆ ಮರೆತಿದ್ದೀಯ ಅಂದ್ರು. ಹಾಕಿದ್ದೀನಿ, ಕಲಕಿಲ್ಲ ನೀವು, ಅಂದೆ." ಅವಳು ಲೋಟ ಒರೆಸಿದಳು. "ಕಲಕಿಕೊಂಡ್ರು ಪಾಪ. ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ."

ಕೇಳುವ ಅಗತ್ಯ ಬಿದ್ದಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಮೇಲೂ ಮೇಷ್ಟ್ರು ಬದುಕಿದ್ದರೆಂದು ಅವರ ಹೆಂಡತಿಯೇ ಹೇಳಿದ್ದರು. ಹೊರಬಾಗಿಲಿನ ಆಚೆ ನಿಂತು ಮಾತಾಡಿಸಿದೆ, ಒಳಗಿನಿಂದ ಉತ್ತರ ಕೊಟ್ಟರು, ಎಂದು. ಹಾಗಾಗಿ ಕೊಲೆ ಮಧ್ಯಾಹ್ನದ ನಂತರ. ಬೆಳಗಿನಿಂದ ಮಧ್ಯಾಹ್ನದ ಗಂಟೆಯವರೆಗೆ ಸನ್ಯಾಸಿ ಒಂದು ಕೋಣೆ ತುಂಬ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ. ಅದಾದ ಮೇಲೆ ಎಲ್ಲಿದ್ದೆ ಎಂದರೆ, ಕೆರೆ ಏರಿ ಮೇಲೆ ಒಬ್ಬನೇ ನಡೆಯುತ್ತಿದ್ದೆ ಎಂದಿದ್ದ. ಒಬ್ಬನೇ ಯಾಕೆ ಎಂದರೆ, ದಿನಾ ಹಾಗೇ, ಎಂದಿದ್ದ. ತಿರುಗಿ ಬಂದು ಕಾವಲುಗಾರನ ಜೊತೆ ಬಾಗಿಲು ತೆಗೆದವನೂ ಅವನೇ.

ಕಾಯತೊಡಗಿದರು.

ನೀಲಿ ನೀರು ನೀಲಿಯಾಗಿಯೇ ಇತ್ತು. ಮೇಲಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಮೂಡಿ ನಿಂತಿತು. ಗೊಣಗಣ್ಣ ಕುರ್ಚಿಯಲ್ಲಿ ತೂಕಡಿಸಿದ, ಎಚ್ಚೆತ್ತು ಏನಾದರೂ ಆಯಿತೇ ಎಂದು ಕೇಳಿದ, ಮತ್ತೆ ತೂಕಡಿಸಿದ.

"ನೀವು ಇದನ್ನ ಎಷ್ಟು ಸಲ ನೋಡಿದ್ದೀರಿ?" ಎಂದಳು ಇನ್‌ಸ್ಪೆಕ್ಟರ್. ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅವಳಿಗೇ ಆಮೇಲೆ ಗೊತ್ತಾಯಿತು.

"ಲೆಕ್ಕ ಇಟ್ಟಿಲ್ಲ. ಮೇಷ್ಟ್ರು ಆ ಸ್ಟೂಲಲ್ಲಿ, ನಾನು ಇಲ್ಲಿ. ಮೌನ ಮುರಿಯೋವರೆಗೆ ಮಾತಾಡಬಾರದು ಅಂತ ನಿಯಮ. ಮುರಿದ ಮೇಲೆ ಮಾತಾಡಬಹುದಿತ್ತು. ಆದ್ರೆ ಇಬ್ಬರಿಗೂ ಆಗ ಏನೂ ನೆನಪಾಗ್ತಿರಲಿಲ್ಲ."

"ಬೇಜಾರಾಗ್ತಿರಲಿಲ್ವಾ?"

"ಇನ್ನೊಬ್ಬರು ಕೂತಿರ್ತಿದ್ರಲ್ಲ," ಎಂದ ಸನ್ಯಾಸಿ.

ಅವಳ ಮನೆಯಲ್ಲಿ ಸಂಜೆ ಬಾಗಿಲು ತೆಗೆದ ಕೂಡಲೇ ರೇಡಿಯೋ ಹಾಕುವ ಅಭ್ಯಾಸ. ಯಾವ ಕಾರ್ಯಕ್ರಮವಾದರೂ ಸರಿ, ಅದು ಮಾತಾಡುತ್ತಿದ್ದರೆ ಚಪ್ಪಲಿ ಬಿಡುವ ಸದ್ದು ಅಷ್ಟು ಜೋರಾಗಿ ಕೇಳುವುದಿಲ್ಲ.

ಮಧ್ಯಾಹ್ನದ ಗಂಟೆ ಹೊಡೆಯಿತು. ಕಾರಿಡಾರಿನ ತುಂಬ ಹೆಜ್ಜೆಗಳು ಓಡಿ, ಖಾಲಿಯಾದವು. ಅದಾಗಿ ತುಸು ಹೊತ್ತಿಗೆ ಹಳದಿ ಗೆರೆ ನಡುವಿನಲ್ಲೊಂದು ಕಡೆ ಬಾಗಿತು. ನೋಡನೋಡುತ್ತ ಇನ್ನೊಂದು ಕಡೆ. ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಹನಿಗಳು ತೂಗಿ, ಬೆರಳುಗಳಾಗಿ, ಮಣಿಗಳ ಸಂದಿಯಲ್ಲಿ ಅವಸರವಿಲ್ಲದೆ ಇಳಿಯತೊಡಗಿದವು. ಕೆಲವು ಅರ್ಧ ದಾರಿಯಲ್ಲಿ ಪಕ್ಕದವನ್ನು ಸೇರಿಕೊಂಡವು.

ಅವು ಫೋಟೋದಲ್ಲಿದ್ದ ಮಟ್ಟವನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ತರಗತಿಗಳು ಶುರುವಾಗಿದ್ದವು. ಅವತ್ತು ಆ ಫೋಟೋ ತೆಗೆದ ಹೊತ್ತೂ ಅದೇ.

"ಅಂದ್ರೆ," ಎಂದ ಗೊಣಗಣ್ಣ ಮೆಲ್ಲಗೆ, ಗೊಣಗದೆ, "ಗ್ಯಾಸ್ ಬಿಟ್ಟಿದ್ದು ಟೀ ಹೊತ್ತಿಗೆ. ಟೀ ಕುಡಿದ ಹಿಂದೆಯೇ."

"ಮಧ್ಯಾಹ್ನದ ಗಂಟೆ ಆದ ಮೇಲೆ ಬಿಟ್ಟಿದ್ರೆ?" ಎಂದಳು ಅವಳು.

"ಆ ಫೋಟೋದಲ್ಲಿ ಸಾಕ್ಷಿ ಪೂರ್ತಿ ನೀಲಿ ಇರ್ತಿತ್ತು," ಎಂದ ಸನ್ಯಾಸಿ.

ಟೀ ಹೊತ್ತಿಗೆ ಸನ್ಯಾಸಿ ಪಾಠ ಮಾಡುತ್ತಿದ್ದ. ಮಧ್ಯಾಹ್ನದ ಗಂಟೆಯಾಗುವಷ್ಟರಲ್ಲಿ ಮೇಷ್ಟ್ರು ಯಾರಿಗೂ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಇನ್‌ಸ್ಪೆಕ್ಟರ್ ಎದ್ದಳು. "ಅಣ್ಣ, ಜೀಪ್ ತೆಗೀರಿ. ಮೇಷ್ಟ್ರ ಮನೆಗೆ. ಇವರೂ ಬರಲಿ, ಜೀಪಲ್ಲೇ ಕೂತಿರಲಿ. ಆ ತಾಯಿ ತನ್ನ ಮಾತು ತಿದ್ದಿದ್ರೆ ನ್ಯಾಯಾಲಯಕ್ಕೆ ಹೋಗೋ ಮೊದಲೇ ಇವರನ್ನ ಬಿಟ್ಟುಬಿಡಬಹುದು."

"ತಿದ್ದಲಿಲ್ಲ ಅಂದ್ರೆ?"

"ಗಂಡನ ದನಿ ಕೇಳಿದೆ ಅಂತ ಹೆಂಡತಿ ಹೇಳ್ತಾಳೆ. ಬಣ್ಣದ ನೀರು ಇಲ್ಲ ಅನ್ನುತ್ತೆ. ಜಡ್ಜ್ ಯಾರನ್ನ ನಂಬ್ತಾರೆ ಹೇಳಿ."

ಗೊಣಗಣ್ಣ ಜೇಬಿನಲ್ಲಿ ಜೀಪಿನ ಕೀಲಿ ತಡಕಿದ.

ಮೇಷ್ಟ್ರ ಹೆಂಡತಿ ನಡುಮನೆಯಲ್ಲಿ ನೆಲದ ಮೇಲೆ ಕೂತು ಗಂಡನ ಅಂಗಿಗಳನ್ನು ಮಡಿಸುತ್ತಿದ್ದರು. ಯಾರಿಗಾದರೂ ಕೊಟ್ಟುಬಿಡಲೆಂದು. ಗುಂಡಿ ಸಡಿಲವಾಗಿದ್ದವನ್ನು ಬೇರೆ ಇಟ್ಟಿದ್ದರು. ಗೋಡೆಯ ಎರಡು ಕೊನೆಗೆ ಎರಡು ಕುರ್ಚಿ, ಎರಡು ಓದುವ ದೀಪ. ಒಂದು ಬಾಗಿಲಿಗೆ ಮುಖ ಮಾಡಿತ್ತು, ಇನ್ನೊಂದು ಕಿಟಕಿಗೆ.

"ಕೂತ್ಕೊಳಮ್ಮ," ಎಂದರು. "ಮಗ ಮೇಲಿದ್ದಾನೆ, ಇವತ್ತು ಹೊರಡ್ತಾನೆ. ಸೇತುವೆ ಕಟ್ಟೋ ಕೆಲಸ, ಜಾಸ್ತಿ ದಿನ ರಜ ಇಲ್ಲ. ಸುದ್ದಿ ಕೇಳಿ ಅವತ್ತು ರಾತ್ರಿ ಬಸ್ಸಿಗೆ ಬಂದೋನು."

"ನಿಮ್ಮ ಹತ್ರ ಒಂದೇ ವಿಷಯ ಅಮ್ಮ. ಅವತ್ತು ಬಾಗಿಲ ಹತ್ರ ಕೇಳಿದ್ದು ಅವರ ದನಿನೇನಾ?"

"ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಮಾಡಿದವಳು. ಊರವರ ದನಿಯೆಲ್ಲ ಕಿವಿಯಲ್ಲಿತ್ತು. ಗಂಡನ ದನಿ ಗೊತ್ತಾಗಲ್ವಾ?"

"ಏನಂದ್ರು?"

"ಹೂಂ ಅಂದ್ರು."

"ಅಷ್ಟೇನಾ?"

"ನಮ್ಮ ಮನೇಲಿ ಅದೇ ಉದ್ದದ ಮಾತು."

ಇನ್‌ಸ್ಪೆಕ್ಟರ್ ಕಾದಳು. ಬೆಳಗಿನಿಂದ ಕಾದು ಅಭ್ಯಾಸವಾಗಿತ್ತು. ಆಕೆ ಅಂಗಿಯ ಕಾಲರನ್ನು ಎರಡು ಸಲ ನೇರ ಮಾಡಿದರು.

"ನಾನು ಏನು ಕೇಳಿದೆ ಅಂತ ನಿಮಗೆ ಹೇಳಿರಲಿಲ್ಲ," ಎಂದರು. "ಅಕ್ಕನ ಮನೆಗೆ ಹೋಗ್ತೀನಿ, ಇನ್ನು ಅಲ್ಲೇ ಇರ್ತೀನಿ, ಹೋಗಲಾ ಅಂತ ಕೇಳಿದೆ. ಎದುರಿಗೆ ಕೇಳೋಕೆ ಧೈರ್ಯ ಇರಲಿಲ್ಲ, ಅದಕ್ಕೆ ಬಾಗಿಲು ಮಧ್ಯೆ ಇರೋ ಜಾಗಕ್ಕೇ ಹೋದೆ. ಯಾಕೆ ಅಂತ ಕೇಳ್ತಾರೆ ಅಂದ್ಕೊಂಡೆ. ಬೇಡ ಅನ್ನದಿದ್ರೂ ಪರವಾಗಿಲ್ಲ, ಯಾಕೆ ಅಂತಾದ್ರೂ. ಹೂಂ ಅಂದ್ರು. ಇಷ್ಟು ವರ್ಷದ ಸಂಸಾರಕ್ಕೆ."

ಅಂಗಿ ಅವರ ಮಡಿಲಲ್ಲೇ ಉಳಿಯಿತು.

"ಜನ ಬಂದು, ಎಂಥ ಗಂಡ ಹೋದ ನಿಂಗೆ ಅಂತ ಅಳ್ತಾರೆ. ನಂಗೆ ಆ ಹೂಂ ಒಂದೇ ಕೇಳ್ತಿರುತ್ತೆ."

ಅನುಮಾನಿಸಬೇಕಾದ ಹೆಂಗಸಿನ ಎದುರು ಇನ್‌ಸ್ಪೆಕ್ಟರಿಗೆ ಒಂದು ಕ್ಷಣ ಕೆಲಸ ಮರೆಯಿತು. ತನ್ನ ಮನೆಯಲ್ಲಿ ಅಷ್ಟನ್ನೂ ಅನ್ನುವವರಿಲ್ಲ ಎಂದು ಹೊಳೆದು, ಆ ಯೋಚನೆಯನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮ, ಅದು ಅವರು ಅಂದಿದ್ದಲ್ಲ."

"ಏನು?"

"ಮಧ್ಯಾಹ್ನದ ಗಂಟೆ ಹೊಡೆಯೋಕೆ ಮುಂಚೆನೇ ಒಳಗೆ ಗ್ಯಾಸ್ ತುಂಬಿತ್ತು. ಅವರ ತೊಟ್ಟಿನೇ ಹೇಳ್ತಿದೆ. ಬೆಳಿಗ್ಗೆಯಿಂದ ಕೂತು ಕಣ್ಣಾರೆ ನೋಡಿ ಬಂದಿದ್ದೀನಿ. ನೀವು ಬಾಗಿಲಿಗೆ ಹೋಗೋ ಹೊತ್ತಿಗೆ ಅವರು ಮಾತಾಡೋ ಹಾಗಿರಲಿಲ್ಲ."

ಆಕೆಯ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಕಣ್ಣು ತುಂಬಿತು. ಅಳುವೆಂದು ಹೇಳುವಂತಿರಲಿಲ್ಲ. ತುಟಿ ನಗುವಿಗೆ ಹತ್ತಿರವಾಗಿತ್ತು.

"ಹಾಗಾದ್ರೆ ಅವರು ಹೋಗು ಅನ್ನಲಿಲ್ಲ."

"ಅನ್ನಲಿಲ್ಲ."

"ಕೇಳಿಸಿಕೊಂಡೇ ಇಲ್ಲ ಅವರು."

"ಇಲ್ಲ."

"ಪಾಪ," ಎಂದು ಆಕೆ ಅಂಗಿಯನ್ನು ಎದೆಗೆ ಒತ್ತಿಕೊಂಡರು. "ಪಾಪ. ನಾನು ಸುಮ್ಮನೆ ಅವರನ್ನ ಬೈಕೊಂಡೆ."

ಇನ್‌ಸ್ಪೆಕ್ಟರ್ ಅವರನ್ನು ಅಷ್ಟಕ್ಕೇ ಬಿಟ್ಟು ಎದ್ದು ಹೋಗಬಹುದಿತ್ತು. ಹೊರಗೆ ಜೀಪಿನಲ್ಲಿ ಒಬ್ಬ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಆದ್ರೆ ಯಾರೋ ಹೂಂ ಅಂದಿದ್ದಾರೆ ಅಮ್ಮ. ನಿಮ್ಮ ಕಿವಿ ಮೇಲೆ ನನಗೆ ಅನುಮಾನ ಇಲ್ಲ. ನೀವಿದ್ದದ್ದು ಹೊರಬಾಗಿಲ ಆಚೆ. ಈಚೆ ಹೊರಕೋಣೇಲಿ, ಸಿಲಿಂಡರ್ ಪಕ್ಕ, ಕೆಲಸ ಪೂರ್ತಿ ಮುಗೀಲಿ ಅಂತ ಯಾರೋ ಕಾಯ್ತಾ ನಿಂತಿದ್ರು. ಬಾಯಿ ಬಿಡದಿದ್ರೆ ನೀವು ಕಾವಲುಗಾರನನ್ನ ಕರೀತೀರಿ ಅಂತ ಅವರಿಗೆ ಗೊತ್ತು. ಎಷ್ಟು ಮಾತಾಡಿದ್ರೆ ನೀವು ಸುಮ್ಮನೆ ತಿರುಗಿ ಹೋಗ್ತೀರಿ ಅಂತಾನೂ ಗೊತ್ತು. ಈ ಮನೆಯ ಮಾತು ಗೊತ್ತಿದ್ದೋರು."

"ನಂಗೆ ತಪ್ಪು ಕೇಳಿಸಿರಬಹುದು."

"ಗಂಡನ ದನಿ ಗೊತ್ತಾಗಲ್ವಾ ಅಂತ ಈಗ ತಾನೇ ಅಂದ್ರಿ."

"ವಯಸ್ಸಾಯ್ತಲ್ಲಮ್ಮ."

ಮಾಳಿಗೆಯಲ್ಲಿ ಫೋನ್ ರಿಂಗಾಯಿತು. ನಿಂತಿತು. ಯಾರೋ ಎತ್ತಿಕೊಂಡಿದ್ದರು. ಆ ಕಡೆಯವರು ಏನೋ ಉದ್ದಕ್ಕೆ ಹೇಳುತ್ತಿದ್ದಿರಬೇಕು, ಮೇಲಿನಿಂದ ಮಾತಿಲ್ಲ.

ಆಮೇಲೆ ಮೆಟ್ಟಿಲಿನ ಮೇಲಿಂದ ಇಳಿದು ಬಂತು ಒಂದು ದನಿ. ಮೂಗಿನಲ್ಲಿ ಹುಟ್ಟಿ, ತುಸು ತಡೆದು, ಎದೆಗೆ ಇಳಿದು ಮುಗಿಯುವಂಥದ್ದು.

"ಹೂಂ."

ಈ ವಾರವೆಲ್ಲ ಇನ್‌ಸ್ಪೆಕ್ಟರ್ ಮೇಷ್ಟ್ರ ಪಾಠಗಳ ಧ್ವನಿಮುದ್ರಣ ಕೇಳುತ್ತ ಕೂತಿದ್ದಳು. ವಿದ್ಯಾರ್ಥಿಗಳು ಪ್ರಶ್ನೆ ಕೇಳುವಾಗ ನಡುನಡುವೆ ಅವರು ಅನ್ನುತ್ತಿದ್ದುದು ಇದನ್ನೇ. ಹೀಗೆಯೇ. ಸತ್ತವರು ಮಾಳಿಗೆಯಲ್ಲಿ ನಿಂತು ಅಂದ ಹಾಗಿತ್ತು.

ಅವಳು ತಲೆಯೆತ್ತಿದಳು. ಆಕೆ ತಲೆಯೆತ್ತಲಿಲ್ಲ. ಈಗಷ್ಟೇ ಹಗುರಾಗಿದ್ದ ಆ ಮುಖದಿಂದ ಬಣ್ಣ ಇಳಿದುಹೋಗಿತ್ತು. ಆಕೆ ಕೇಳಿಸಿಕೊಂಡದ್ದು ಮೇಲಿನ ಹೂಂ ಅನ್ನಲ್ಲ, ಬಾಗಿಲ ಹಿಂದಿನದನ್ನು ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

"ಅಮ್ಮ, ನಿಮ್ಮ ಮಗ ಅವತ್ತು ರಾತ್ರಿ ಬಸ್ಸಿಳಿದದ್ದನ್ನ ಯಾರು ನೋಡಿದ್ರು?"

ಮಡಿಲಿನ ಅಂಗಿ ನೆಲಕ್ಕೆ ಜಾರಿತು. ಆಕೆ ಮಂಡಿಯ ಮೇಲೆ ಮುಂದೆ ಸರಿದು ಇನ್‌ಸ್ಪೆಕ್ಟರಳ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ಬಿಗಿ ಆ ಕೈಯಲ್ಲಿರಬಹುದೆಂದು ಯಾರೂ ಊಹಿಸುತ್ತಿರಲಿಲ್ಲ.

"ಬರ್ಕೊಳ್ಳಿ," ಎಂದರು ಪಿಸುದನಿಯಲ್ಲಿ. "ಗ್ಯಾಸ್ ಬಿಟ್ಟಿದ್ದು ನಾನು. ಚಿಲಕ ಹಾಕಿದ್ದೂ ನಾನು. ಆ ಹುಡುಗನನ್ನ ಬಿಟ್ಟುಬಿಡಿ, ನನ್ನನ್ನ ಕರ್ಕೊಂಡು ಹೋಗಿ. ಈಗಲೇ. ಹೀಗೇ ಏಳ್ತೀನಿ."

"ಅಮ್ಮ—"

"ಜೀಪ್ ಇದೆಯಲ್ಲ ಹೊರಗೆ. ನಡೀರಿ."

ಮೇಲೆ ಫೋನ್ ಇಟ್ಟ ಸದ್ದಾಯಿತು. ಹೆಜ್ಜೆಗಳು ಮೆಟ್ಟಿಲ ಕಡೆ ಬಂದವು, ಇಳಿಯತೊಡಗಿದವು, ನಡುವೆ ನಿಂತವು.

"ಅಮ್ಮ, ಯಾರ ಹತ್ರ ಮಾತಾಡ್ತಿದ್ದೀಯ?"

ಆಕೆ ಇನ್‌ಸ್ಪೆಕ್ಟರಳ ಕಣ್ಣನ್ನೇ ನೋಡುತ್ತ, 'ಊಟಕ್ಕೆ ಬಾ' ಎನ್ನುವಷ್ಟು ಸಹಜವಾದ ದನಿಯಲ್ಲಿ ಉತ್ತರ ಕೊಟ್ಟರು.

"ಯಾರೂ ಇಲ್ಲಪ್ಪ. ಒಬ್ಬಳೇ ಇದ್ದೀನಿ. ನೀನು ಹಿತ್ತಿಲ ಬಾಗಿಲಿಂದ ಹೊರಡು, ಬಸ್ಸಿಗೆ ಹೊತ್ತಾಯ್ತು."